ಬಕೆಟ್ ಮೂಸುವ ಭಾನುವಾರ

ಕಡೂರು
16 ಸೆಪ್ಟೆಂಬರ್ 2025, ಮಂಗಳವಾರ

ಮುದ್ದು ಶ್ರೀಜಾ,

ನಾನು ಚೆನ್ನಾಗಿದ್ದೇನೆ. ಕೋಳಿಗಳು ನನಗಿಂತ ಚೆನ್ನಾಗಿವೆ. ಕಾಫಿಪುಡಿ ಅಂಗಡಿಯೂ ನಡೆಯುತ್ತಿದೆ, ಕೆಲಸದ ಗಿಡ್ಡಪ್ಪನ ಮಂಡಿಚಿಪ್ಪಿನ ಹಾಗೆ, ಸದ್ದು ಮಾಡಿಕೊಂಡು. ಇಷ್ಟಕ್ಕೆ ಕ್ಷೇಮಸಮಾಚಾರದ ಬಾಬ್ತು ಮುಗಿಯಿತು ಅಂದುಕೋ.

ಮೊನ್ನೆ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿದೆ. ಒಂದು, ಅಪ್ಪನ ಬೈಕು ಪ್ರತಿ ಭಾನುವಾರ ನಮ್ಮ ಗೇಟಿನ ಮುಂದೆ ನಿಂತಿರುತ್ತಂತೆ, ಪಕ್ಕದ ಮನೆ ಹುಲಿಯಮ್ಮ ಹೇಳಿದರು, ಏನಮ್ಮಾ ಸಮಾಚಾರ ಅಂತ. ಎರಡು, ನಿನ್ನ ಮೂಗು ಹೇಗಿದೆ ಅಂತ. ನಾನು ಎರಡಕ್ಕೂ ಸೇರಿಸಿ "ಗಿರಾಕಿ ಬಂದ್ರು, ಇಡ್ತೀನಿ" ಅಂದೆ. ಗಿರಾಕಿ ಯಾರೂ ಬಂದಿರಲಿಲ್ಲ. ಗಿಡ್ಡಪ್ಪ ಚೀಲ ಹೊಲಿಯುತ್ತಾ ಕೂತಿದ್ದ. ಅವನ ಕೈ ಚೀಲದಲ್ಲಿತ್ತು, ಕಿವಿ ನನ್ನ ಫೋನಿನಲ್ಲಿತ್ತು. ಇನ್ನು ಮೆಸೇಜಿನಲ್ಲಿ ಬರೆಯೋಣವೆಂದರೆ ನೀನು ಒಂದು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀಯ. ನನ್ನ ಸಂಸಾರದ ಕಥೆಗೆ ಒಂದು ಹೆಬ್ಬೆರಳು ಸಾಲದು ಕಣೇ. ಅದಕ್ಕೇ ಕಾಗದ. ಕಾಫಿಪುಡಿ ಪೊಟ್ಟಣದ ಜೊತೆಯಲ್ಲೇ ಶಿವಮೊಗ್ಗದ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಮೊದಲ ಪ್ರಶ್ನೆಗೆ ವಿವರವಾಗಿ ಉತ್ತರ ಬರೆಯುತ್ತೇನೆ. ಎರಡನೆಯದಕ್ಕೆ ಕಾಗದದಲ್ಲಿ ಜಾಗ ಉಳಿದರೆ ನೋಡೋಣ.

ನಮ್ಮ ಜಗಳದ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು, ಅದೂ ನಿಮ್ಮಪ್ಪನ ಅರ್ಧ. "ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲಸ ಜಾಸ್ತಿ, ಕ್ವಾರ್ಟರ್ಸಿನಲ್ಲೇ ಇದ್ದೀನಿ" ಅಂತ ಹೇಳಿದ್ದಾರೆ. ಇನ್ನರ್ಧ ಕೇಳು. ಹೋದ ಧನುರ್ಮಾಸದಲ್ಲಿ ನನಗೆ ಬಂದ ಜ್ವರ ಬಿಟ್ಟುಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತಲ್ಲ. ವಾಸನೆಗಳೆಲ್ಲ ಅಳಿದರೆ ಮುಕ್ತಿ ಅನ್ನುತ್ತಾರೆ ವೇದಾಂತಿಗಳು. ನನಗೆ ವಾಸನೆ ಅಳಿಯಿತು, ಮುಕ್ತಿ ಸಿಗಲಿಲ್ಲ. ಗಿರಾಕಿಗಳಿಗೆ ನನ್ನಿಂದ ಮುಕ್ತಿ ಸಿಗುವ ಹಾಗಾಯಿತು. ಮಲ್ಲಿಗೆ ಹೂವೂ ಒಂದೇ, ಮೋರಿಯೂ ಒಂದೇ. ಸ್ಥಿತಪ್ರಜ್ಞೆಯಾಗಿ ಕಾಫಿ ಹುರಿಯಲಿಕ್ಕಾಗುತ್ತದೆಯೇ?

ನಿಮ್ಮ ತಾತ ಕೃಷ್ಣಸ್ವಾಮಿಗಳು ಸ್ಟೇಷನ್ ರಸ್ತೆಯಲ್ಲಿ ಈ ಅಂಗಡಿ ತೆರೆದಾಗ ಗೋಡೆಗೆ ಗಡಿಯಾರ ಹಾಕಲಿಲ್ಲ. ಬೀಜ ಹುರಿದದ್ದು ಸಾಕು ಅಂತ ಹೇಳಬೇಕಾದ್ದು ಮೂಗು, ಮುಳ್ಳಲ್ಲ ಎನ್ನುತ್ತಿದ್ದರು. ಆ ಮೂಗೊಂದೇ ಅವರು ನನಗೆ ಬಿಟ್ಟುಹೋದ ಆಸ್ತಿ. ಅದಕ್ಕೆ ಖಾತೆ ಬದಲಾವಣೆ ಬೇಕಿರಲಿಲ್ಲ, ಅಮಲ್ದಾರರ ಸಹಿ ಬೇಕಿರಲಿಲ್ಲ. ಡ್ರಮ್ಮಿನ ಹೊಗೆ ಒಂದು ಸಲ ಮುಖಕ್ಕೆ ಬಡಿದರೆ ಸಾಕು, ಇಳಿಸಬೇಕೋ ಇನ್ನೂ ತಿರುಗಿಸಬೇಕೋ ನನಗೆ ಗೊತ್ತಾಗುತ್ತಿತ್ತು. ಅದು ಹೋಯಿತು. ಚಿಕ್ಕಮಗಳೂರಿನ ಕಿವಿ-ಮೂಗಿನ ಡಾಕ್ಟರು, ಬಂದರೆ ಬರುತ್ತೆ, ದಿನಾ ನಿಂಬೆಹಣ್ಣು, ಲವಂಗ ಮೂಸ್ತಾ ಇರಿ ಅಂದರು. ಮೂಸಿದೆ. ನಿಂಬೆಹಣ್ಣು ದುಂಡಗಿತ್ತು, ಲವಂಗ ಚುಚ್ಚುತ್ತಿತ್ತು. ಅಷ್ಟೇ ತಿಳಿದದ್ದು.

ನಾನು ಯಾರಿಗೂ ಹೇಳದೆ ಅಂದಾಜಿನ ಮೇಲೆ ಹುರಿಯುತ್ತಾ ಹೋದೆ. ಒಂದು ದಿನ ಹೋಟೆಲ್ ರುದ್ರಮೂರ್ತಿಯವರು ಬಂದು ಡಬ್ಬ ಕಟ್ಟೆಯ ಮೇಲೆ ಕುಕ್ಕಿ, "ಅಮ್ಮಾ, ನಮ್ಮ ಗಿರಾಕಿಗಳು ಒಲೆ ಬೂದಿ ಕಲಸಿದ್ದೀರಾ ಅಂತ ಕೇಳ್ತಾವ್ರೆ" ಅಂದರು. ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ದರು. ನನ್ನ ಪರವಾಗಿ ಒಂದು ಮಾತು ಹೇಳುತ್ತಾರೆ ಅಂದುಕೊಂಡೆ. ಹೇಳಿದರು. "ಅವಳಿಗೆ ಮೂಗೇ ಹೋಗಿದೆ ಕಣ್ರೀ, ಹೇಗೆ ಹುರೀತಾಳೆ? ಅಂಗಡಿ ಮುಚ್ಚಿ ಲಕ್ಕವಳ್ಳಿಗೆ ಬಾ ಅಂತ ಆವತ್ತಿಂದ ಹೇಳ್ತಾ ಇದ್ದೀನಿ" ಅಂತ. ಗಿರಾಕಿಯ ಎದುರಿಗೆ, ತಾತನ ಫೋಟೋದ ಕೆಳಗೆ.

ಮನೆಗೆ ಬಂದಮೇಲೆ ನಾನೂ ಹೇಳಿದೆ. ನಿಮ್ಮ ಮೂಗು ಗಟ್ಟಿಯಾಗಿದೆಯಲ್ಲ, ಜೋಪಾನವಾಗಿ ಲಕ್ಕವಳ್ಳಿಗೇ ತಗೊಂಡು ಹೋಗಿ, ನನ್ನ ಅಂಗಡೀಲಿ ತೂರಿಸ್ಬೇಡಿ ಅಂತ. ನಿಮ್ಮಪ್ಪ ಎಂಜಿನಿಯರು, ಹೇಳಿದ್ದನ್ನು ಅಕ್ಷರಶಃ ಜಾರಿಗೆ ತರುವವರು. ಮೂಗು ತಗೊಂಡು ಹೋದರು. ಶನಿವಾರ ಸಂಜೆ ಬರುತ್ತಿದ್ದದ್ದೂ ನಿಂತಿತು. ಆಮೇಲೆ ನಮ್ಮಿಬ್ಬರ ನಡುವೆ ಓಡಾಡಿದ್ದು ಗ್ಯಾಸ್ ಬುಕ್ಕಿಂಗಿನ ಮೆಸೇಜು ಮಾತ್ರ.

ಬೇಸಿಗೆ ರಜೆಯಲ್ಲಿ ನೀನು ಅಜ್ಜಂಪುರದ ಸಂತೆಯಿಂದ ಆ ಕೋಳಿಗಳನ್ನು ತಂದು ಹಿತ್ತಲಿನಲ್ಲಿ ಬಿಟ್ಟೆಯಲ್ಲ, ಆಗ ನನ್ನ ಮುಖ ಹೇಗಿತ್ತು ಅಂತ ನೆನಪಿದೆಯಾ? ಬೆಳ್ಳುಳ್ಳಿಯನ್ನೇ ಅಡುಗೆಮನೆಯ ಮೂಲೆಯಲ್ಲಿ ಪರಕೀಯಳ ಹಾಗೆ ಕೂರಿಸುವ ಮನೆಗೆ ಕೋಳಿ! "ಅಮ್ಮಾ, ನಾನು ಪಶುವೈದ್ಯ ಓದ್ತಿರೋಳು, ನನ್ನ ಮನೇಲಿ ಒಂದು ಕೋಳೀನೂ ಇಲ್ಲ ಅಂದ್ರೆ ನಗ್ತಾರೆ" ಅಂದೆ. ಓದುವವಳು ನೀನು, ಸಾಕುವವಳು ನಾನು. ಅದಕ್ಕೇ ಹೆಸರಿಡುವ ಹಕ್ಕನ್ನು ನಾನು ಬಿಟ್ಟುಕೊಡಲಿಲ್ಲ. ಎಂ.ಎ. ಕನ್ನಡ ಓದಿ ಕಾಫಿಪುಡಿ ಮಾರುವವಳಿಗೆ ವ್ಯಾಕರಣ ಇನ್ನೆಲ್ಲಿ ಪ್ರಯೋಜನಕ್ಕೆ ಬರಬೇಕು? ಏಳು ಹೇಂಟೆಗಳಿಗೆ ಪ್ರಥಮಾದಿಂದ ಸಪ್ತಮಿಯವರೆಗೆ ವಿಭಕ್ತಿಗಳ ಹೆಸರು. ಹುಂಜನಿಗೆ ಸಂಬೋಧನೆ, ಅವನಿಗೆ ಕರೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲವಾದ್ದರಿಂದ.

ಹಾಸ್ಟೆಲಿಗೆ ಹೊರಡುವಾಗ ಮೇವು ನೆನೆಸಿ ಹುಳಿಯಿಸಿ ಹಾಕು, ಕಡಿಮೆ ಮೇವಿನಲ್ಲಿ ಹೊಟ್ಟೆ ತುಂಬುತ್ತೆ, ಮೊಟ್ಟೆಯೂ ಗಟ್ಟಿಯಾಗುತ್ತೆ ಅಂತ ಹೇಳಿಹೋದೆ. ನಾನು ಒಳಗೊಳಗೇ ನಕ್ಕೆ. ಹುಳಿಯಿಸುವುದನ್ನು ನನಗೆ ಹೇಳಿಕೊಡುತ್ತಾಳಂತೆ! ಮೂವತ್ತು ವರ್ಷದಿಂದ ದೋಸೆ ಹಿಟ್ಟು ಹುದುಗಿಸಿದವಳು ನಾನು.

ಆ ಗರ್ವ ಮೊದಲ ದಿನವೇ ಇಳಿಯಿತು. ಮೆಕ್ಕೆಜೋಳದ ನುಚ್ಚು, ರಾಗಿ, ಅಕ್ಕಿ ನುಚ್ಚು, ಒಂದು ಹಿಡಿ ಕಡಲೆಕಾಯಿ ಹಿಂಡಿ, ಎಲ್ಲ ನೆನೆಹಾಕಿದೆ. ಆಮೇಲೆ ಕೈ ತಾನಾಗಿಯೇ ಮೆಂತ್ಯದ ಡಬ್ಬಕ್ಕೆ ಹೋಯಿತು. ಆಮೇಲೆ ಗ್ರೈಂಡರಿಗೆ ಹೋಯಿತು. ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಕೈಯಲ್ಲಿ ಕಲಸಿ ಮುಚ್ಚಿಟ್ಟೆ. ಬೆಳಿಗ್ಗೆ ಬಟ್ಟಲಿಗೆ ಸುರಿದರೆ ಪ್ರಥಮಾ ಮೊದಲು ಕೊಕ್ಕು ಅದ್ದಿದಳು, ತೆಗೆದಳು, ಕೊಕ್ಕು ಅಂಟಿಕೊಂಡಿತ್ತು. ದ್ವಿತೀಯಾಳಿಗೂ ಅದೇ ಗತಿ. ಎಲ್ಲರೂ ಮುಖಕ್ಕೆ ಸುಣ್ಣ ಬಳಿದುಕೊಂಡವರ ಹಾಗೆ ಹಿತ್ತಲಿನ ಮಣ್ಣಿಗೆ ಮೂತಿ ತಿಕ್ಕುತ್ತಾ ಓಡಾಡಿದರು. ಸಂಬೋಧನೆಗೆ ಕೂಗಲು ಬಾಯೇ ಬಿಡಲಾಗಲಿಲ್ಲ. ಹುಲಿಯಮ್ಮ ಬೇಲಿಯ ಆಚೆಯಿಂದ ನೋಡಿ, "ಏನವ್ವಾ ವಾಣವ್ವಾ, ಕೋಳಿಗೆ ದ್ವಾಸೆ ಹುಯ್ಯೋದೊಂದು ಬಾಕಿ ಇತ್ತು! ಕಾವಲಿ ಕಾದೈತಾ?" ಅಂತ ಕೇಳಿದರು. ಉಪ್ಪು ಹಾಕಿದ್ದೇನೆ ಅಂದದ್ದಕ್ಕೆ ನಗುವುದನ್ನು ನಿಲ್ಲಿಸಿ, "ಕೊಂದಾಕ್ಬಿಡ್ತೀಯಾ ಕಣವ್ವಾ, ಮದ್ಲು ಅದ್ನ ಸುರಿ" ಅಂತ ಗದರಿದರು.

ಆಮೇಲೆ ರುಬ್ಬಲಿಲ್ಲ, ಉಪ್ಪೂ ಹಾಕಲಿಲ್ಲ. ಕಾಳು ಮುಳುಗುವಷ್ಟು ನೀರು ಹಾಕಿ, ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಿ, ದಿನಾ ಕೈಯಾಡಿಸಿ ಕಾದೆ. ಮೂರು ದಿನಕ್ಕೆ ಗುಳ್ಳೆ ಬರುತ್ತೆ ಅಂದಿದ್ದೆ ನೀನು. ಬರಲಿಲ್ಲ. ಇನ್ನೂ ಕಾದೆ. ಮೇಲೆ ಏನೋ ತೆಳ್ಳಗೆ ಹಬ್ಬಿತು. ಒಳ್ಳೆಯದೋ ಕೆಟ್ಟದೋ? ಅದನ್ನು ಹೇಳಬೇಕಾದ್ದು ಮೂಗು. ನನಗದು ಇಲ್ಲ. ಕೆನೆ ಇರಬೇಕು ಅಂದುಕೊಂಡು ಕಲಸಿ ಹಾಕಿಬಿಟ್ಟೆ. ಮಾರನೆಯ ದಿನ ಷಷ್ಠಿ ರೆಕ್ಕೆ ಇಳಿಬಿಟ್ಟು ಮೂಲೆಗೆ ಸೇರಿದಳು.

ಆಗ ನನಗೆ ನಿಜವಾಗಿ ಭಯವಾಯಿತು ಕಣೇ. ಕಾಫಿ ಸೀದರೆ ಗಿರಾಕಿ ಬೈಯುತ್ತಾನೆ. ಇದು ಉಸಿರಾಡುವ ಪ್ರಾಣಿ. ನಾನು ಕೊಟ್ಟದ್ದನ್ನು ನಂಬಿ ತಿಂದಿದ್ದಳು. ಮೂಗಿಲ್ಲದವಳ ಕೈಯಿಂದ ಬರುವ ಯಾವ ತುತ್ತನ್ನು ಯಾರು ನಂಬಬೇಕು ಅನ್ನಿಸಿಬಿಟ್ಟಿತು. ನಿಮ್ಮಪ್ಪ ಹೇಳಿದ್ದು ನಿಜವೇ ಇರಬಹುದು, ಅಂಗಡಿ ಮುಚ್ಚುವುದೇ ಸರಿಯೇನೋ ಅಂತ ಮೊದಲ ಸಲ ಯೋಚಿಸಿದ್ದು ಅವತ್ತು, ಷಷ್ಠಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು.

ಇನ್ನೊಂದು ಸಲ ನೆನೆಹಾಕಿ, ಬೇರೆ ಮೂಗುಗಳನ್ನು ಸಾಲ ಕೇಳಿದೆ. ಗಿಡ್ಡಪ್ಪ ಬಗ್ಗಿ ಮೂಸಿ, "ನಶ್ಯದ ವಾಸ್ನೆ ಬತ್ತೈತೆ ಕಣ್ರವ್ವ" ಅಂದ. ಅವನ ಮೂಗಿಗೆ ಬೇರೆ ವಾಸನೆ ಬಂದು ಎಷ್ಟು ವರ್ಷವಾಯಿತೋ. ಹುಲಿಯಮ್ಮ ಕವಳ ಒತ್ತರಿಸಿಕೊಂಡೇ ಬಗ್ಗಿ, "ಘಮ್ ಅಂತೈತೆ" ಅಂದರು. ಹೊಗೆಸೊಪ್ಪಿನ ಬಾಯಿಗೆ ಜಗತ್ತೇ ಘಮ್ ಅನ್ನುತ್ತದೆ. ಹುಳಿಯ ಪರೀಕ್ಷೆಯಲ್ಲಿ ಹುಲಿಯೂ ಫೇಲು. ನೀನು ಪರೀಕ್ಷೆಯಲ್ಲಿ ಮುಳುಗಿದ್ದೆ. ಇಡೀ ಜಿಲ್ಲೆಯಲ್ಲಿ ನಂಬಬಹುದಾದ ಮೂಗು ಒಂದೇ ಒಂದು ಉಳಿದದ್ದು. ಗೇಟಿನಲ್ಲಿ ಚಪ್ಪಲಿ ಬಿಡುತ್ತಲೇ ಮಧ್ಯಾಹ್ನದ ಸಾರಿಗೆ ಇಂಗು ಹೆಚ್ಚಾದದ್ದನ್ನು ಹೇಳಿ ನನ್ನ ಜನ್ಮ ಜಾಲಾಡಿದ ಮೂಗು. ಅದು ಲಕ್ಕವಳ್ಳಿಯಲ್ಲಿತ್ತು. ಅದನ್ನು ಅಲ್ಲಿಗೆ ಅಟ್ಟಿದವಳು ನಾನೇ.

ಫೋನು ಮಾಡಲು ಮನಸ್ಸಾಗಲಿಲ್ಲ. ಮಾಡಿದರೆ ಮಾತಾಡಬೇಕಾಗುತ್ತದಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಬಕೆಟ್ಟಿನ ನೀರನ್ನು ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಭದ್ರವಾಗಿ ತಿರುಗಿಸಿ, "ಹುಳಿಯೋ, ಕೊಳೆತದ್ದೋ? ತಿಳಿಸುವುದು" ಎಂದು ಬರೆದು, ಕೆಳಗೆ ಅವರ ಫೋನ್ ನಂಬರು ಹಾಕಿದ ಚೀಟಿ ಅಂಟಿಸಿದೆ. ನಮ್ಮ ಪುಡಿಯ ಪಾರ್ಸೆಲ್ ಒಯ್ಯುವ ಬಸ್ಸಿನ ಕಂಡಕ್ಟರ್ ಸಿದ್ದಲಿಂಗೇಶನ ಕೈಗೆ ಕೊಟ್ಟು, ಲಕ್ಕವಳ್ಳಿಯಲ್ಲಿ ಸಾಹೇಬರಿಗೆ ತಲುಪಿಸಪ್ಪ ಅಂದೆ. ನಗಬೇಡ. ಉಬ್ಬುವ ಹಿಟ್ಟಿನ ಪಾತ್ರೆಗೆ ಬಿಗಿಯಾಗಿ ಮುಚ್ಚಳ ಹಾಕಬಾರದು ಅನ್ನುವುದು ಮೂವತ್ತು ವರ್ಷ ದೋಸೆ ಹುಯ್ದವಳಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅಭಿಮಾನ ತಲೆಗೇರಿದಾಗ ವಿದ್ಯೆ ಕೆಳಗಿಳಿಯುತ್ತದೆ.

ಬಸ್ಸು ಬೀರೂರು ದಾಟಿತು, ಬಾಟಲಿ ಉಬ್ಬಿತು. ತರೀಕೆರೆ ಹತ್ತಿರ ಬಂತು, ಬಾಟಲಿ ಗರ್ಭಿಣಿಯಾಯಿತು. ಸಿದ್ದಲಿಂಗೇಶನಿಗೆ ಅದರ ಮೇಲೆ ಕರುಣೆ ಬಂದೋ ಕುತೂಹಲ ಹುಟ್ಟಿಯೋ, ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮುಚ್ಚಳ ತಿರುಗಿಸಿದ. ಆಮೇಲೆ ನಡೆದದ್ದನ್ನು ಹೇಳುವುದಕ್ಕೆ ಅವನಿಗೆ ಈಗಲೂ ಕನ್ನಡ ಸಾಲುತ್ತಿಲ್ಲ. ಅಂಗಿ, ಟಿಕೆಟ್ ಮಿಷನ್ನು, ಮುಂದಿನ ಸೀಟಿನ ಮದುವೆ ಹೆಣ್ಣಿನ ಕಡೆಯವರ ರೇಷ್ಮೆ ಸೀರೆ, ಯಾವುದರಲ್ಲೂ ಅದು ತಾರತಮ್ಯ ಮಾಡಲಿಲ್ಲ. ಚೀಟಿಯಲ್ಲಿದ್ದ ನಂಬರಿಗೆ ಫೋನು ಹೋಯಿತು. ನಿಮ್ಮಪ್ಪ ತರೀಕೆರೆ ಕಚೇರಿಯಲ್ಲೇ ಮೀಟಿಂಗಿನಲ್ಲಿದ್ದರಂತೆ, ಎದ್ದು ಬಂದು ಬಸ್ಸಿನವರ ಕೈಕಾಲು ಹಿಡಿದು, ಸಿದ್ದಲಿಂಗೇಶನನ್ನು ಪಕ್ಕಕ್ಕೆ ಕರೆದು, ಅವನ ಅಂಗಿಯ ತೋಳನ್ನು ಹಿಡಿದು ಮೂಸಿದರಂತೆ. ಎರಡು ಸಲ. ಕಣ್ಣು ಮುಚ್ಚಿಕೊಂಡು. ಸುತ್ತ ನಿಂತಿದ್ದ ಜನ ಸಾಹೇಬರಿಗೆ ಏನಾಯಿತಪ್ಪಾ ಅಂದುಕೊಂಡರಂತೆ.

ಆಮೇಲೆ ನನ್ನ ಫೋನು ಹೊಡೆದುಕೊಂಡಿತು. ಶಿವರಾತ್ರಿಯ ನಂತರ ಮೊದಲ ಸಲ ಅವರ ದನಿ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. "ವಾಣೀ, ಇದು ಹುಳಿಯಲ್ಲ, ಕೊಳೆತದ್ದು. ಬೂಷ್ಟು ಹಿಡಿದಿದೆ. ಜೊತೆಗೆ ಬ್ಲೀಚಿಂಗ್ ಪೌಡರಿನ ಘಾಟು ಬೇರೆ. ನೀರಿನ ಸಂಪಿಗೆ ಎಷ್ಟು ಸುರಿದಿದ್ದೀಯೆ? ಬಿಸಾಕು ಅದನ್ನ, ಕೋಳಿಗೆ ಹಾಕ್ಬೇಡ" ಅಂದರು. ನಿಜ. ಸಂಪು ತೊಳೆಸಿದ ಮೇಲೆ ಬ್ಲೀಚಿಂಗ್ ಪೌಡರು ಹಾಕಿದ್ದೆ. ವಾಸನೆ ಬರಲಿಲ್ಲವಲ್ಲ, ಇನ್ನಷ್ಟು ಹಾಕಿದ್ದೆ. ಆ ಘಾಟಿಗೇ ಹುಳಿ ಹುಟ್ಟದೆ ಹೋದದ್ದು. ಅಂಗಿಯ ತೋಳಿನಿಂದ ಇಪ್ಪತ್ತು ಮೈಲಿ ದೂರದ ನನ್ನ ಸಂಪಿನ ತನಕ ಹೋಗಿಬಂದಿತ್ತು ಆ ಮೂಗು. ನಾನು ಬೆರಗಾದೆ, ಬೈಯಲು ಮರೆತೆ. "ಹ್ಞೂಂ" ಅಂದೆ. ಅವರೂ "ಹ್ಞೂಂ" ಅಂದರು. ಭಾನುವಾರ ಬೈಕಿನ ಹಿಂದೆ ಕ್ಯಾನು ಕಟ್ಟಿಕೊಂಡು ಬಂದರು. ಭದ್ರೆಯ ನೀರು. ಜಗಳವಾಡಿದ ಹೆಂಡತಿಗೆ ಹೂವು ತರುವವರನ್ನು ಕೇಳಿದ್ದೇನೆ. ನೀರು ತಂದವರನ್ನು ಕಂಡದ್ದು ಅವತ್ತೇ.

ಆ ನೀರಿನಲ್ಲಿ ಹೊಸದಾಗಿ ನೆನೆಹಾಕಿದೆವು. ನಿಮ್ಮಪ್ಪ ಕಾಳಿನ ಮೇಲೆ ಎಷ್ಟು ಬೆರಳು ನೀರು ನಿಲ್ಲಬೇಕು ಅಂತ ಡ್ಯಾಮಿನ ಮಟ್ಟ ನೋಡುವವರ ಗಾಂಭೀರ್ಯದಿಂದ ಅಳೆದು, ಊಟ ಮಾಡಿ, ಇಂಗು ಹೆಚ್ಚಾಗಿದೆ ಅಂತ ಹೇಳದೆ ಹೊರಟುಹೋದರು. ಷಷ್ಠಿಗೆ ಹುಲಿಯಮ್ಮ ಮಜ್ಜಿಗೆ ಅನ್ನ ತಿನ್ನಿಸಿ ಎಬ್ಬಿಸಿದರು.

ಈಗ ಬರೆಯುವುದನ್ನು ನಿಧಾನವಾಗಿ ಓದು. ಎರಡು ದಿನವಾದ ಮೇಲೆ ಮಧ್ಯಾಹ್ನ ಊಟಕ್ಕೆ ಬಂದವಳು ಹಿತ್ತಲಿಗೆ ಹೋದೆ. ಕೋಳಿಗಳು ಮಣ್ಣಿನಲ್ಲಿ ಗುಂಡಿ ಮಾಡಿಕೊಂಡು ತೂಕಡಿಸುತ್ತಿದ್ದವು. ಬೀದಿಯಲ್ಲಿ ಒಂದು ಗಾಡಿಯೂ ಇಲ್ಲ. ಬಕೆಟ್ಟಿನ ಬಟ್ಟೆ ಬಿಚ್ಚಲು ಬಗ್ಗಿದರೆ ಏನೋ ಸದ್ದು. ಒಣಗಿದ ಎಲೆಯ ಮೇಲೆ ಇರುವೆಸಾಲು ನಡೆಯುವುದು ಕೇಳಿಸುವುದಾದರೆ ಹೇಗಿರುತ್ತದೋ ಹಾಗೆ. ಬಟ್ಟೆಗೆ ಕಿವಿ ಇಟ್ಟೆ. ಬಕೆಟ್ಟು ಪಿಸುಗುಡುತ್ತಿತ್ತು.

ಬಿಚ್ಚಿ ನೋಡಿದೆ. ರಾಗಿಕಾಳಿಗಿಂತ ಸಣ್ಣ ಗುಳ್ಳೆಗಳು ತಳದಿಂದ ಏಳುತ್ತಿದ್ದವು. ಒಂದರ ಹಿಂದೆ ಒಂದು, ನೂಕುನುಗ್ಗಲಿಲ್ಲದೆ, ಮೇಲೆ ಬಂದು ಒಡೆದು, ಇನ್ನೊಂದಕ್ಕೆ ಜಾಗ ಬಿಟ್ಟು. ಒಂದು ಮೆಕ್ಕೆಜೋಳದ ಚೂರು ತನ್ನಷ್ಟಕ್ಕೆ ತಾನು ಮೇಲಕ್ಕೆದ್ದು, ಗುಳ್ಳೆ ಕಳಚಿಕೊಂಡು, ಮತ್ತೆ ಕೆಳಗಿಳಿಯಿತು. ಉಸಿರಾಡಿದ ಹಾಗೆ. ಆ ಗುಳ್ಳೆ ಎಬ್ಬಿಸುವವರನ್ನು ನಾನು ಕರೆದಿರಲಿಲ್ಲ ಕಣೇ. ಹೆಪ್ಪು ಹಾಕಿರಲಿಲ್ಲ, ಒಲೆ ಹಚ್ಚಿರಲಿಲ್ಲ. ಎಲ್ಲಿದ್ದರು ಇವರೆಲ್ಲ ಇಷ್ಟು ದಿನ? ಕಾಳಿನ ಸಿಪ್ಪೆಯಲ್ಲೋ, ಗಾಳಿಯಲ್ಲೋ, ನನ್ನ ಕೈಬೆರಳಿನಲ್ಲೋ? ನೀನು ಅದಕ್ಕೊಂದು ಲ್ಯಾಟಿನ್ ಹೆಸರು ಹೇಳುತ್ತೀಯ. ಹೇಳು, ಬೇಡ ಅನ್ನುವುದಿಲ್ಲ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಬೆರಗು ಕಡಿಮೆಯಾಗುವುದಾಗಿದ್ದರೆ, ನಾನು ನಿನ್ನನ್ನು ಶ್ರೀಜಾ ಅಂತ ಕರೆದ ದಿನವೇ ನೀನು ನನಗೆ ಮಾಮೂಲಿಯಾಗಿಬಿಡಬೇಕಿತ್ತು.

ನಮ್ಮ ಮನೆಯಲ್ಲಿ ಬೀಜ ಅಂದರೆ ಬೆಂಕಿಗೆ ಹೋಗುವ ವಸ್ತು. ಮತ್ತೆ ಮೊಳೆಯದ ಹಾಗೆ ಹುರಿದು, ಅದರಿಂದ ಘಮ ತೆಗೆದು ಬದುಕಿದವರು ನಾವು. ಇಲ್ಲಿ ಅದೇ ಬೀಜ, ಬೆಂಕಿಯಿಲ್ಲದೆ, ಯಾರ ಕಾವಲೂ ಇಲ್ಲದೆ, ತಾನೇ ಬೇರೆ ಏನೋ ಆಗುತ್ತಿತ್ತು. ಊಟ ಮಾಡುವುದನ್ನು ಮರೆತೆ. ಗಿಡ್ಡಪ್ಪ ಅಂಗಡಿಯಿಂದ ಹುಡುಕಿಕೊಂಡು ಬಂದು, ಬಕೆಟ್ಟಿಗೆ ಕಿವಿಯಿಟ್ಟು ಕೂತ ಯಜಮಾನಿಯನ್ನು ನೋಡಿ, "ಯಾರ್ದವ್ವಾ ಫೋನು?" ಅಂತ ಕೇಳಿದ.

ಮಾರನೆಯ ದಿನ ಡ್ರಮ್ಮಿನ ಪಕ್ಕ ನಿಂತಾಗ ಆ ಕಿವಿ ಇನ್ನೂ ತೆರೆದೇ ಇತ್ತು. ಹುರಿಯುವಾಗ ಕಾಫಿಬೀಜ ಮೊದಲು ಒಂದು ಸಲ ಸಿಡಿಯುತ್ತದೆ, ಹುರಿಗಡಲೆ ಜಗಿದಂತೆ. ಆಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ ಇನ್ನೊಮ್ಮೆ, ಸಣ್ಣಗೆ, ಒಣಹುಲ್ಲು ಮುರಿದಂತೆ. ಇಷ್ಟು ವರ್ಷ ಆ ಸದ್ದು ನನ್ನ ಕಿವಿಯ ಮೇಲೆ ಬಿದ್ದೇ ಇತ್ತು, ಮೂಗಿನ ಗದ್ದಲದಲ್ಲಿ ನಾನು ಕೇಳಿಸಿಕೊಂಡಿರಲಿಲ್ಲ. ಎರಡನೆಯ ಸಿಡಿತ ಶುರುವಾಗುವ ಹೊತ್ತಿಗೆ ಬೀಜ ಇಳಿಸಿದೆ. ಪುಡಿ ಮಾಡಿ ರುದ್ರಮೂರ್ತಿಯವರಿಗೆ ದುಡ್ಡಿಲ್ಲದೆ ಕಳಿಸಿದೆ. ಸಂಜೆ ಅವರೇ ಬಂದರು. ಡಬ್ಬ ಕುಕ್ಕಲಿಲ್ಲ, ಮೆಲ್ಲಗೆ ಇಟ್ಟರು. "ಮೂಗು ವಾಪಸ್ ಬಂತೇನಮ್ಮಾ?" ಅಂದರು. ಇಲ್ಲ, ಕಿವಿ ಬಂತು ಅಂದೆ. ಅವರಿಗೆ ಅರ್ಥವಾಗಲಿಲ್ಲ, ಕಾಲು ಕೆ.ಜಿ. ಹೆಚ್ಚಿಗೆ ಕೇಳಿದರು.

ಬಕೆಟ್ಟಿಗೆ ಮಾತ್ರ ಕಿವಿ ಸಾಲುತ್ತಿರಲಿಲ್ಲ. ಕೊಳೆಯುವುದೂ ಗುಳ್ಳೆ ಬಿಡುತ್ತದೆ, ಹುಳಿಯುವುದೂ ಗುಳ್ಳೆ ಬಿಡುತ್ತದೆ. ತೀರ್ಪು ಮೂಗಿನದೇ. ಹಾಗಾಗಿ ಭಾನುವಾರ ಭಾನುವಾರ ನಿಮ್ಮಪ್ಪ. ಈಗ ಎರಡು ಬಕೆಟ್ಟು, ಒಂದು ಕೋಳಿಗಳು ತಿನ್ನುತ್ತಿರುವುದು, ಇನ್ನೊಂದು ಹುಳಿಯುತ್ತಿರುವುದು. ಹಳೆಯದರ ನೀರೇ ಹೊಸದಕ್ಕೆ ಹೆಪ್ಪು. ಅವರು ಬರುತ್ತಾರೆ, ಕೈಕಾಲು ತೊಳೆಯುತ್ತಾರೆ, ಬಟ್ಟೆ ಸರಿಸುತ್ತಾರೆ, ಮೂಸುತ್ತಾರೆ, "ಹುಳಿಮಜ್ಜಿಗೆ. ಆಗಿದೆ" ಅನ್ನುತ್ತಾರೆ. ನಾನು ಸೋಸಿ ಹಾಕುತ್ತೇನೆ. ಏಳೂ ವಿಭಕ್ತಿಗಳು ಪ್ರತ್ಯಯ ಕಳಚಿಕೊಂಡು ಓಡಿಬರುತ್ತವೆ. ಇಬ್ಬರೂ ಕಟ್ಟೆಯ ಮೇಲೆ ಕೂತು ನೋಡುತ್ತೇವೆ. ಷಷ್ಠಿ ಮತ್ತೆ ಮೊಟ್ಟೆ ಇಟ್ಟ ದಿನ ಹುಲಿಯಮ್ಮ ಅದನ್ನು ತಟ್ಟೆಯಲ್ಲಿ ಒಡೆದು ಬೇಲಿಯ ಮೇಲಿಂದ ತೋರಿಸಿದರು. ಅದರ ಹಳದಿಗೆ ಸಂಜೆ ಎಮ್ಮೆದೊಡ್ಡಿ ಕಾವಲಿನ ಮೇಲೆ ಸೂರ್ಯ ಇಳಿಯುವಾಗಿನ ಬಣ್ಣ. "ನೋಡ್ರವ್ವಾ, ತಿನ್ನದೋರ್ ಮನೇಲಿ ಎಂಥಾ ಮೊಟ್ಟೆ" ಅಂದರು. ನಿಮ್ಮಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ನಾನು ಅವರನ್ನು ನೋಡಿದೆ.

ಒಂದು ಭಾನುವಾರ ರುದ್ರಮೂರ್ತಿಯವರ ಆರ್ಡರು ತುರ್ತಾಗಿ ಬಂತು, ಅಂಗಡಿ ಬಾಗಿಲು ತೆಗೆದೆ. ಕರೆಯದೆಯೇ ನಿಮ್ಮಪ್ಪನೂ ಬಂದು ಮೂಲೆಯ ಚೀಲದ ಮೇಲೆ ಕೂತರು. ಗಿಡ್ಡಪ್ಪ ಡ್ರಮ್ಮು ತಿರುಗಿಸುತ್ತಿದ್ದ. ಹೊಗೆ ಎದ್ದಿತು. ನಾನು ಕಣ್ಣು ಮುಚ್ಚಿ ಸದ್ದಿಗೆ ಕಾಯುತ್ತಿದ್ದೆ. ಮೊದಲ ಸಿಡಿತ. ಮೌನ. ಆ ಮೌನ ಅವತ್ತು ಬಹಳ ಉದ್ದವಿತ್ತು. ಹುಲ್ಲು ಮುರಿದ ಸದ್ದು ಬಂತು, ನಾನು "ಈಗ" ಅಂದೆ. ಅದೇ ಗಳಿಗೆಯಲ್ಲಿ, ಒಂದು ರೆಪ್ಪೆ ಬಡಿತವೂ ಹಿಂದೆಮುಂದಾಗದೆ, ಮೂಲೆಯಿಂದ "ಈಗ" ಅಂದರು ನಿಮ್ಮಪ್ಪ. ಅವರು ಮೂಗಿನಿಂದ, ನಾನು ಕಿವಿಯಿಂದ. ಗಿಡ್ಡಪ್ಪ ಬೆಚ್ಚಿ ಬೀಜ ಇಳಿಸಿದ. ನಾವಿಬ್ಬರೂ ಮದುವೆಯಾದಾಗಿನಿಂದ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು ಅಂತ ಕಾಣುತ್ತದೆ. ಆಮೇಲೆ ಅವರು ನೆಲ ನೋಡಿಕೊಂಡು, "ಆವತ್ತು ಅವರೆದುರಿಗೆ ಹಾಗನ್ನಬಾರದಿತ್ತು" ಅಂದರು. ಯಾವತ್ತು, ಯಾರೆದುರಿಗೆ ಅಂತ ನಾನು ಕೇಳಲಿಲ್ಲ. ಬಿಸಿ ಬೀಜಕ್ಕೆ ಬೀಸಣಿಗೆ ಹಾಕಿ ಅಂದೆ. ಹಾಕಿದರು.

ಇನ್ನು ಮೊನ್ನೆ ಭಾನುವಾರದ ವಿಷಯ, ಹುಲಿಯಮ್ಮ ನಿನಗೆ ಆಗಲೇ ಹೇಳಿರುತ್ತಾರೆ. ಹೌದು, ಬೈಕು ಸೋಮವಾರ ಬೆಳಿಗ್ಗೆಯವರೆಗೂ ಇತ್ತು. ಇಲ್ಲದ ಅರ್ಥ ಕಟ್ಟಬೇಡ. ಗುರುವಾರ ನೆನೆಹಾಕಿದ ಬಕೆಟ್ಟು. ನಿಮ್ಮಪ್ಪ ಎಂದಿನಂತೆ ಬಟ್ಟೆ ಸರಿಸಿ ಬಗ್ಗಿದರು. ಎಂದಿಗಿಂತ ಹೆಚ್ಚು ಹೊತ್ತು ಮೂಸಿದರು. ಆಮೇಲೆ ನೆಟ್ಟಗಾಗಿ, ಕನ್ನಡಕ ಒರೆಸಿಕೊಂಡು, "ಇನ್ನೂ ಆಗಿಲ್ಲ ವಾಣೀ. ಹುಳಿ ಕೂತಿಲ್ಲ. ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡ್ಬೇಕಾಗುತ್ತೆ" ಅಂದರು. ಮೋಡ ಮುಚ್ಚಿ ತಂಪಾಗಿತ್ತು, ಹುಳಿಯುವುದು ತಡವಾಗುತ್ತದಂತೆ. ನೋಡಿ, ತಿಳಿದವರು ನೀವು ಅಂದೆ. ನಾಳೆ ಲಕ್ಕವಳ್ಳಿಯಿಂದ ಮತ್ತೆ ಬರೋದು ಕಷ್ಟ ಅಲ್ವಾ, ಅಂದರು. ಕಷ್ಟವೇ, ಅಂದೆ. ಹಾಸಿಗೆ ಹಾಸಿದೆ. ಸೋಮವಾರ ಬೆಳಿಗ್ಗೆ ಮೂಸಿ "ಈಗ ಸರಿ" ಅಂತ ತೀರ್ಪು ಕೊಟ್ಟು, ನಾನು ಕೊಟ್ಟ ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು ಡ್ಯಾಮಿಗೆ ಹೋದರು. ಲೋಟ ತೊಳೆದದ್ದನ್ನು ಹುಲಿಯಮ್ಮ ನೋಡಿಲ್ಲ, ಅದು ನಿನಗೆ ಮಾತ್ರ.

ಇಷ್ಟೇ ಸಮಾಚಾರ. ದಸರಾ ರಜೆಗೆ ಬಾ. ಬರುವಾಗ ಕೋಳಿಗಳಿಗೆ ಲ್ಯಾಟಿನ್ ತರಬೇಡ, ಅವಕ್ಕೆ ಕನ್ನಡವೇ ಸಾಕಷ್ಟಾಗಿದೆ. ಸರಿಯಾಗಿ ಊಟ ಮಾಡು.

ನಿನ್ನನ್ನು ಕೊಕ್ಕಿನಲ್ಲಿ ಕುಕ್ಕುವ, ರೆಕ್ಕೆಯಲ್ಲಿ ಮುಚ್ಚುವ,
ಅಮ್ಮ
ಶ್ರೀವಾಣಿ

ತಾ.ಕ.: ಎರಡನೆಯ ಪ್ರಶ್ನೆ ಉಳಿದುಹೋಯಿತು. ಕಾಗದದಲ್ಲಿ ಜಾಗ ಇನ್ನೂ ಇದೆ, ಆದ್ದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಶನಿವಾರ ಸಂಜೆ ಆ ಬಕೆಟ್ಟಿನಲ್ಲಿ ಕೈಯಾಡಿಸುತ್ತಿದ್ದೆ. ಮೂಗಿನ ಒಳಗೆ ಎಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ಭ್ರಮೆ ಅಂದುಕೊಂಡೆ. ಮತ್ತೆ ಬಗ್ಗಿದೆ. ಹುಳಿ. ನೆನೆದ ರಾಗಿ. ಅದರ ಅಡಿಯಲ್ಲಿ ಹಸಿ ಮಣ್ಣು. ಅಲ್ಲೇ ಕೂತುಬಿಟ್ಟೆ. ಆಮೇಲೆ ಎದ್ದು ಹುಚ್ಚಿಯ ಹಾಗೆ ಮನೆಯೆಲ್ಲ ಮೂಸಿದೆ. ಸೀಗೆಪುಡಿ, ದೇವರ ಮುಂದಿನ ಆರಿದ ಬತ್ತಿ, ನಿನ್ನ ಹಳೇ ಸ್ವೆಟರು. ಅಂಗಡಿಗೆ ಓಡಿ ಗಿಡ್ಡಪ್ಪನ ನಶ್ಯದ ಡಬ್ಬಿ ಮೂಸಿ ಸೀನಿದೆ. ಕೊನೆಗೆ ಕಾಫಿಬೀಜ ಅಳೆಯುವ, ತಾತನ ಕಾಲದ ಮರದ ಮೊಗೆಯೊಳಗೆ ಮುಖ ಇಟ್ಟೆ. ಏನು ಬಂತೆಂದು ಬರೆಯಲಾರೆ. ಈ ಕಾಗದದ ಜೊತೆ ಇರುವ ಪೊಟ್ಟಣ ಬಿಚ್ಚಿ ನೀನೇ ಮೂಸು. ಅದು ಕಿವಿ, ಮೂಗು ಎರಡೂ ಸೇರಿ ಹುರಿದ ಮೊದಲ ಬೀಜ.

ಭಾನುವಾರ ನಿಮ್ಮಪ್ಪ ಬಂದಕೂಡಲೇ ಹೇಳಬೇಕು ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಬಗ್ಗಿದರು, ಎದ್ದರು, ಇನ್ನೂ ಆಗಿಲ್ಲ ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ ಕಣೇ. ಬಕೆಟ್ಟು ಆಗಿತ್ತು. ಬೇಲಿಯಾಚೆಗೂ ಹೊಡೆಯುವಷ್ಟು ಚೆನ್ನಾಗಿ ಆಗಿತ್ತು.

ಅವರಿಗೆ ಏನೂ ಹೇಳಬೇಡ. ಕೋಳಿಗಳು ತಿನ್ನುವುದಕ್ಕೆ ಬೇರೆ ಬಕೆಟ್ಟಿದೆ. ಭಾನುವಾರ ಅವರು ಮೂಸಬೇಕಾದ್ದನ್ನು ಈ ಸಲ ಶನಿವಾರ ಸಂಜೆ ನೆನೆಹಾಕುತ್ತೇನೆ. ಪಾಪ, ಸುಳ್ಳು ಹೇಳುವುದು ಅವರಿಗೆ ಅಭ್ಯಾಸವಿಲ್ಲ.